3–1 ಆದಮೇಲೆ ನಮ್ಮ ಹಾಕಿ ತಂಡಕ್ಕೆ ಏನಾಗುತ್ತೆ?

[ದೃಶ್ಯ: ಮೈಸೂರು, ಸರಸ್ವತಿಪುರಂ. ಬಾಡಿಗೆ ರೂಮಿನ ಕೆಂಪು ನೆಲ. ಚಾಕ್‌ಪೀಸ್‌ನಲ್ಲಿ ಬರೆದ ದೊಡ್ಡದೊಂದು ಅರ್ಧವೃತ್ತ. ಪಕ್ಕದಲ್ಲಿ ಹಿಡಿಯ ಟೇಪ್ ಕಿತ್ತುಬಂದಿರೋ ಹಾಕಿ ಸ್ಟಿಕ್.]

ನಮಸ್ಕಾರ.

2023ರ ಜನವರಿ 22, ಭಾನುವಾರ ಸಂಜೆ. ಇದೇ ರೂಮು, ಇದೇ ನೆಲ. ನೀರಿನ ಚೊಂಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಭುವನೇಶ್ವರದ ಕಳಿಂಗ ಕ್ರೀಡಾಂಗಣ. ವಿಶ್ವಕಪ್, ಭಾರತ–ನ್ಯೂಜಿಲೆಂಡ್. ನನ್ನ ರೂಮ್‌ಮೇಟ್ ಗೋಣಿಕೊಪ್ಪದ ಹುಡುಗ, ಕೈಯಲ್ಲಿ ಚುರುಮುರಿ ಪೊಟ್ಟಣ ಹಿಡ್ಕೊಂಡು ಕೂತಿದ್ದ. 40ನೇ ನಿಮಿಷದಲ್ಲಿ ವರುಣ್ ಕುಮಾರ್ ಗೋಲು ಹೊಡೆದ್ರು. 3–1. ಅವನು ಎದ್ದು ನಿಂತು, "ಕ್ವಾರ್ಟರ್ ಫೈನಲ್ ಗ್ಯಾರಂಟಿ ಮಗಾ" ಅಂದ.

43ನೇ ನಿಮಿಷ, ನ್ಯೂಜಿಲೆಂಡ್‌ಗೆ ಪೆನಾಲ್ಟಿ ಕಾರ್ನರ್, ಕೇನ್ ರಸೆಲ್, 3–2. 49ನೇ ನಿಮಿಷ, ಶಾನ್ ಫಿಂಡ್ಲೆ, 3–3. ಪಂದ್ಯ ಸಮ, ಹಾಗಾಗಿ ಶೂಟೌಟ್: ಒಬ್ಬೊಬ್ಬರೇ ಹೋಗಿ ಗೋಲ್‌ಕೀಪರ್ ಎದುರು ಗೋಲು ಹೊಡೀಬೇಕು. ಎರಡೂ ಕಡೆ ಐದೈದು ಸರದಿ ಮುಗಿದ್ರೂ ಸಮ. ಆಮೇಲೆ, ಒಂದು ಕಡೆಯವರು ಹೊಡೆದು ಇನ್ನೊಂದು ಕಡೆಯವರು ತಪ್ಪಿದ್ರೆ ಅಲ್ಲಿಗೇ ಮುಗಿಯೋ ಸಡನ್ ಡೆತ್‌ನಲ್ಲಿ ಚೆಂಡು ತಡೆಯೋಕೆ ಹೋಗಿ ನಮ್ಮ ಗೋಲ್‌ಕೀಪರ್ ಶ್ರೀಜೇಶ್ ಪೆಟ್ಟು ಮಾಡ್ಕೊಂಡು ಹೊರಗೆ ಬಂದ್ರು, ಕ್ರಿಶನ್ ಪಾಠಕ್ ಒಳಗೆ ಹೋದ್ರು. ಕೊನೆಗೆ 5–4, ನ್ಯೂಜಿಲೆಂಡ್ ಗೆಲುವು. ನಮ್ಮ ನೆಲದಲ್ಲಿ ನಡೆದ ವಿಶ್ವಕಪ್‌ನಲ್ಲಿ ನಾವು ಕ್ವಾರ್ಟರ್ ಫೈನಲ್ ಕೂಡ ಆಡಲಿಲ್ಲ.

ಪೊಟ್ಟಣ ಹಾಗೇ ಇತ್ತು. ಚುರುಮುರಿ ಮೆತ್ತಗಾಗಿ, ಟೊಮೆಟೊ ನೀರು ಕಾಗದದ ತಳದಲ್ಲಿ ಇಳಿದು, ಅವನ ಅಂಗೈಗೆ ನ್ಯೂಸ್‌ಪೇಪರಿನ ಅಕ್ಷರ ಅಂಟ್ಕೊಂಡಿತ್ತು. ಅವನು ಒಂದೇ ಮಾತು ಹೇಳಿದ್ದು: "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ."

ಈ ವಿಡಿಯೋ ಆ ತುತ್ತಿನ ಬಗ್ಗೆ. 2026ರ ಆಗಸ್ಟ್ 15ರಿಂದ 30ರವರೆಗೆ ಬೆಲ್ಜಿಯಂನ ವಾವ್ರ್ ಮತ್ತು ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಲ್ಲಿ ಮತ್ತೆ ವಿಶ್ವಕಪ್. ಒಂದು ದಿನ ಹುಲಿ ಥರ ಆಡಿ, ಮಾರನೇ ದಿನ ಗುರುತೇ ಸಿಗದ ಹಾಗೆ ಆಡೋ ಈ ತಂಡದ ಮೇಲೆ ನಾವು ಎಷ್ಟು ಆಸೆ ಇಟ್ಕೋಬಹುದು? ನನ್ನ ಉತ್ತರ ಈಗಲೇ ಹೇಳ್ಬಿಡ್ತೀನಿ. ಆಸೆ ಇಟ್ಕೋಬಹುದು. ಯಾಕಂದ್ರೆ ಇವರ ಆಟ ದಿನಕ್ಕೊಂದು ಥರ ಕಾಣುತ್ತೆ ನಿಜ, ಆದರೆ ಎಡವೋ ಕಲ್ಲು ಮಾತ್ರ ಪ್ರತಿ ಸಲ ಒಂದೇ.

[ದೃಶ್ಯ: ನೆಲದ ಮೇಲೆ ಚಾಕ್‌ಪೀಸ್‌ನಲ್ಲಿ ನಾಲ್ಕು ಸಾಲು. ಇಂಗ್ಲೆಂಡ್, ಭಾರತ, ಸ್ಪೇನ್, ವೇಲ್ಸ್.]

ಮೊದಲು ಆ ನ್ಯೂಜಿಲೆಂಡ್ ಪಂದ್ಯ ನಾವು ಆಡಬೇಕಾಗಿ ಬಂದಿದ್ದೇ ಯಾಕೆ ಅಂತ ನೋಡೋಣ. 16 ತಂಡ, 4 ಗುಂಪು. ಗುಂಪಿನಲ್ಲಿ ಮೊದಲು ಬಂದವರು ನೇರ ಕ್ವಾರ್ಟರ್ ಫೈನಲ್‌ಗೆ. ಎರಡನೆಯವರು, ಮೂರನೆಯವರು ಬೇರೆ ಗುಂಪಿನವರ ಜೊತೆ ಒಂದು ಪಂದ್ಯ ಆಡಿ ಗೆದ್ದು ಬರಬೇಕು. ಅದಕ್ಕೆ ಕ್ರಾಸ್‌ಓವರ್ ಅಂತಾರೆ. ಸೋತ್ರೆ ಕಪ್ಪಿನ ಆಸೆ ಅಲ್ಲಿಗೆ ಮುಗೀತು.

ನಾವು ಸ್ಪೇನ್‌ಗೆ 2–0 ಹೊಡೆದ್ವಿ, ಇಂಗ್ಲೆಂಡ್ ಜೊತೆ 0–0, ವೇಲ್ಸ್‌ಗೆ 4–2. ಒಂದೂ ಸೋಲಿಲ್ಲ, 7 ಅಂಕ. ಇಂಗ್ಲೆಂಡಿಗೂ 7. ಆದರೆ ಅವರು ವೇಲ್ಸ್‌ಗೆ 5, ಸ್ಪೇನ್‌ಗೆ 4 ಗೋಲು ಹೊಡೆದಿದ್ರು, ಬಿಟ್ಟುಕೊಟ್ಟಿದ್ದು ಸೊನ್ನೆ. ಗೋಲಿನ ಅಂತರ ಅವರದ್ದು 9, ನಮ್ಮದು 4. ಕೊನೇ ಪಂದ್ಯಕ್ಕೆ ಇಳಿಯೋ ಹೊತ್ತಿಗೆ ನಾವು ವೇಲ್ಸನ್ನ 8 ಗೋಲಿನ ಅಂತರದಲ್ಲಿ ಸೋಲಿಸಬೇಕಿತ್ತು. ಇಲ್ಲಿ ಸ್ವಲ್ಪ ನಿಲ್ಲಿ. ಹಾಕಿ ಪಂದ್ಯ ಅಂದ್ರೆ 15 ನಿಮಿಷದ ನಾಲ್ಕು ಕ್ವಾರ್ಟರ್. ವೇಲ್ಸ್ ಎದುರು ನಾವು 2–0 ಮುಂದಿದ್ವಿ. ಮೂರನೇ ಕ್ವಾರ್ಟರ್‌ನ ಕೊನೇಲಿ, 42ನೇ ಮತ್ತು 44ನೇ ನಿಮಿಷದಲ್ಲಿ, ಅವರು ಎರಡೂ ವಾಪಸ್ ಕೊಟ್ರು. 2–2. ಆಮೇಲೆ ಆಕಾಶ್‌ದೀಪ್, ಹರ್ಮನ್‌ಪ್ರೀತ್ ಗೋಲು ಹೊಡೆದು ಗೆಲ್ಲಿಸಿದ್ರು ಅಂತ ನಾವೆಲ್ಲ ಮರೆತುಬಿಟ್ವಿ. ಮೂರು ದಿನ ಕಳೆದು ನ್ಯೂಜಿಲೆಂಡ್ ಎದುರು ಮತ್ತೆ ಎರಡು ಗೋಲಿನ ಮುನ್ನಡೆ, ಮತ್ತೆ ಮೂರನೇ ಕ್ವಾರ್ಟರ್‌ನ ಕೊನೇಲೇ ಜಾರಾಟ ಶುರು. ವೇಲ್ಸ್ ಪಂದ್ಯದಲ್ಲೇ ಜ್ವರ ಬಂದಿತ್ತು. ಗೆಲುವಿನ ಖುಷಿಯಲ್ಲಿ ಯಾರೂ ಮೈ ಮುಟ್ಟಿ ನೋಡಲಿಲ್ಲ.

ಕ್ರಾಸ್‌ಓವರ್ ಆಡಬೇಕಾಗಿ ಬಂದಿದ್ದೇ ಸೋಲಿಗೆ ಕಾರಣ ಅಂತ ನಾನು ಒಪ್ಪಲ್ಲ. ಆ ಸಲ ಕಪ್ ಗೆದ್ದ ಜರ್ಮನಿ ಕೂಡ ಕ್ರಾಸ್‌ಓವರ್ ಆಡಿಯೇ ಬಂದಿದ್ದು. ಅವರು ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ಎದುರು, ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು, ಫೈನಲ್‌ನಲ್ಲಿ ಬೆಲ್ಜಿಯಂ ಎದುರು, ಮೂರೂ ಕಡೆ 0–2 ಹಿಂದೆ ಬಿದ್ದು ಮೂರನ್ನೂ ಗೆದ್ರು. ಈ ಮಟ್ಟದ ಹಾಕಿಯಲ್ಲಿ ಎರಡು ಗೋಲು ಅಂದ್ರೆ ಮುನ್ನಡೆನೇ ಅಲ್ಲ.

ಯಾಕೆ? ಈ ಗೆರೆ ನೋಡಿ.

[ದೃಶ್ಯ: ಕ್ಯಾಮೆರಾ ಅರ್ಧವೃತ್ತದ ಹತ್ತಿರಕ್ಕೆ. ಒಂದು ಹಿಡಿ ಕಡಲೆಬೀಜ. ಐದು ಬೀಜ ಗೋಲಿನ ಗೆರೆ ಮೇಲೆ, ಉಳಿದ ಆರು ದೂರಕ್ಕೆ.]

ಇದು ಡಿ. ಗೋಲಿನಿಂದ 14.63 ಮೀಟರ್. ಇದರೊಳಗೆ ನಮ್ಮ ರಕ್ಷಕರ ಕಾಲಿಗೆ ಚೆಂಡು ತಗುಲಿದ್ರೂ ಸಾಕು, ಎದುರಾಳಿಗೆ ಪೆನಾಲ್ಟಿ ಕಾರ್ನರ್. ಆಗ ನಮ್ಮ ಹನ್ನೊಂದು ಜನರಲ್ಲಿ ಗೋಲ್‌ಕೀಪರ್ ಸೇರಿ ಐದೇ ಜನ ಇಲ್ಲಿ ನಿಲ್ಲಬಹುದು. ಉಳಿದ ಆರು ಜನ, ಈ ಬೀಜಗಳು, ಮಧ್ಯದ ಗೆರೆಯ ಆಚೆ ಹೋಗಬೇಕು. ಚೆಂಡು ಗೋಲ್ ಕಂಬದಿಂದ 10 ಮೀಟರ್ ದೂರದಲ್ಲಿ, ಹಿಂದಿನ ಗೆರೆಯಿಂದ ಬರುತ್ತೆ. ಡಿ ಹೊರಗೆ ಅದನ್ನ ನಿಲ್ಲಿಸ್ತಾರೆ, ಡ್ರ್ಯಾಗ್ ಫ್ಲಿಕ್ ಮಾಡೋರು ಸ್ಟಿಕ್ಕಿನಲ್ಲಿ ಎಳೆದು ಎಸೀತಾರೆ. ಗೆರೆಯಿಂದ ಓಡಿ ಬರೋ ಹುಡುಗ ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್ ಹಾಕ್ಕೊಂಡು ನೇರ ಆ ಚೆಂಡಿನ ದಾರಿಗೇ ಓಡ್ತಾನೆ. ಇಡೀ ಹಾಕಿಯಲ್ಲಿ ನನಗೆ ಅತಿ ಗೌರವ ಇರೋ ಕೆಲಸ ಅದು. ಅವನ ಹೆಸರು ಸ್ಕೋರ್‌ಬೋರ್ಡಿನಲ್ಲಿ ಎಂದೂ ಬರಲ್ಲ.

ಈಗ 3–1 ಆಯ್ತು ಅಂತಿಟ್ಕೊಳ್ಳಿ. ಮುಂದಿನವರಿಗೆ ನಾಲ್ಕನೇ ಗೋಲಿನ ಆಸೆ, ಹಿಂದಿನವರಿಗೆ ಇರೋದನ್ನ ಉಳಿಸ್ಕೊಳ್ಳೋ ಚಿಂತೆ. ಮುಂದಿನವರು ಮುಂದಕ್ಕೆ, ಹಿಂದಿನವರು ಇನ್ನೂ ಹಿಂದಕ್ಕೆ. ಮಧ್ಯದಲ್ಲಿ ಬಯಲು. ಹಾಕಿಯಲ್ಲಿ ಆಫ್‌ಸೈಡ್ ಇಲ್ಲ, ಫ್ರೀ ಹಿಟ್ ಸಿಕ್ಕವನು ಯಾರಿಗೂ ಪಾಸ್ ಕೊಡದೆ ತಾನೇ ಚೆಂಡು ತಗೊಂಡು ಓಡಬಹುದು. ಎದುರಾಳಿ ಆ ಬಯಲಿನಲ್ಲಿ ಓಡ್ಕೊಂಡು ಬಂದು ಡಿ ಒಳಗೆ ನುಗ್ಗುತ್ತಾನೆ. ಅಷ್ಟೊತ್ತಿಗೆ ನಮ್ಮವರು ಡಿ ಒಳಗೇ ತುಂಬ್ಕೊಂಡಿರ್ತಾರೆ. ಅಷ್ಟೊಂದು ಕಾಲು, ಒಂದಲ್ಲ ಒಂದು ಕಾಲಿಗೆ ಚೆಂಡು ತಗುಲೇ ತಗುಲುತ್ತೆ. ಪೆನಾಲ್ಟಿ ಕಾರ್ನರ್. ರಸೆಲ್ ಗೋಲು ಬಂದಿದ್ದು ಪೆನಾಲ್ಟಿ ಕಾರ್ನರ್‌ನಿಂದಲೇ.

ಮಧ್ಯದ ಆ ಬಯಲು ತುಂಬಬೇಕಾದವರು ಹಾರ್ದಿಕ್ ಸಿಂಗ್. ಇಂಗ್ಲೆಂಡ್ ಪಂದ್ಯದಲ್ಲಿ ತೊಡೆಯ ಹಿಂದಿನ ಸ್ನಾಯು ನೋವಾಗಿ ಅವರು ಟೂರ್ನಿಯಿಂದಲೇ ಹೊರಬಿದ್ದಿದ್ರು. ಅದನ್ನೂ ಹೇಳಲೇಬೇಕು.

ಹಾಗಾದ್ರೆ ಇವರಿಗೆ ರಕ್ಷಣೆ ಮಾಡೋಕೆ ಬರಲ್ವಾ? ಬರುತ್ತೆ. ಪ್ಯಾರಿಸ್ ನೆನಪಿಸ್ಕೊಳ್ಳಿ. 2024ರ ಆಗಸ್ಟ್ 4, ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್, ಗ್ರೇಟ್ ಬ್ರಿಟನ್ ಎದುರು. 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಉಳಿದ 43 ನಿಮಿಷ ಹತ್ತೇ ಜನ. ಅಷ್ಟರಲ್ಲೂ ಹರ್ಮನ್‌ಪ್ರೀತ್ ಗೋಲು ಹೊಡೆದ್ರು, ಅವರು ಸಮ ಮಾಡಿದ್ರು, ಆಮೇಲೆ ಒಂದೂ ಬಿಡಲಿಲ್ಲ. ಶೂಟೌಟ್‌ನಲ್ಲಿ 4–2. ಆವತ್ತು ಈ ರೂಮಿನಲ್ಲಿ ನಾವಿಬ್ಬರೂ ಕೂತೇ ಇರಲಿಲ್ಲ, ಗೋಡೆಗೆ ಬೆನ್ನು ಹಚ್ಚಿ ನಿಂತು ನೋಡಿದ್ವಿ. ಅದಕ್ಕೆ ಕೆಲವೇ ದಿನ ಮುಂಚೆ ಆಸ್ಟ್ರೇಲಿಯಾವನ್ನ 3–2ರಲ್ಲಿ ಸೋಲಿಸಿದ್ರು. ಒಲಿಂಪಿಕ್ಸ್‌ನಲ್ಲಿ 1972ರ ನಂತರ ಅವರ ಮೇಲೆ ನಮ್ಮ ಮೊದಲ ಗೆಲುವು.

ಹತ್ತು ಜನ ಇದ್ದಾಗ ಬಿರುಕು ಬಿಡದ ಗೋಡೆ, ಹನ್ನೊಂದು ಜನ ಇದ್ದು ಎರಡು ಗೋಲು ಮುಂದಿದ್ದಾಗ ಯಾಕೆ ಬಿರುಕು ಬಿಡುತ್ತೆ? ಹತ್ತು ಜನ ಇದ್ದಾಗ ಎಲ್ಲರ ತಲೇಲೂ ಒಂದೇ ಯೋಚನೆ, ಎಲ್ಲರೂ ಒಟ್ಟಿಗೆ ಹಿಂದೆ ಬರ್ತಾರೆ, ಒಟ್ಟಿಗೆ ಮುಂದೆ ಹೋಗ್ತಾರೆ. ಮುನ್ನಡೆ ಸಿಕ್ಕಾಗ ಮಾತ್ರ ಒಂದೇ ತಂಡದಲ್ಲಿ ಎರಡು ಯೋಚನೆ. ಇದು ನನ್ನ ಅಭಿಪ್ರಾಯ, ನಾನು ಇದನ್ನ ಬಲವಾಗಿ ನಂಬಿದ್ದೀನಿ.

2024ರಲ್ಲಿ ರೂಮ್‌ಮೇಟ್ ಜೊತೆ ನಾಪೋಕ್ಲುಗೆ ಹೋಗಿದ್ದೆ, ಕೊಡವ ಕುಟುಂಬಗಳ ಹಾಕಿ ನಮ್ಮೆ ನೋಡೋಕೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಶುರು ಮಾಡಿದ ಹಬ್ಬ. ಆ ವರ್ಷ 360 ಕುಟುಂಬಗಳ ತಂಡ ಆಡಿದ್ವು, ಗಿನ್ನೆಸ್ ದಾಖಲೆ ಆಯ್ತು. ಒಂದು ಪಂದ್ಯದಲ್ಲಿ 1–0 ಮುಂದಿದ್ದ ತಂಡ ಹಿಂದೆ ಹಿಂದೆ ಸರೀತಾ ಇತ್ತು. ನಮ್ಮ ಪಕ್ಕ ಕೂತಿದ್ದ ಒಬ್ಬ ಅಜ್ಜಿ ಕೊಡವ ತಕ್ಕ್‌ನಲ್ಲಿ ಒಂದೇ ಸಮ ಕೂಗ್ತಿದ್ರು. ಏನಂತೆ ಅಂತ ಕೇಳಿದೆ. "ಮನೆ ಬಾಗಿಲಲ್ಲಿ ನಿಂತು ಕಾಯ್ಬೇಡಿ, ಗೇಟಿನ ಹತ್ರ ಹೋಗಿ ನಿಂತ್ಕೊಳ್ಳಿ ಅಂತಿದ್ದಾರೆ" ಅಂದ. ಆ ಅಜ್ಜಿಯ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

[ದೃಶ್ಯ: ನೆಲದ ಮೇಲೆ ಸ್ಕೋರುಗಳ ಪಟ್ಟಿ, ಒಂದೊಂದಾಗಿ ಬರೆಯುವ ಕೈ.]

ಈಗ 2025ಕ್ಕೆ ಬನ್ನಿ. ಜೂನ್‌ನಲ್ಲಿ ಯುರೋಪಿನಲ್ಲಿ ಪ್ರೊ ಲೀಗ್, ಅಂದ್ರೆ ದೊಡ್ಡ ಹಾಕಿ ದೇಶಗಳ ಅಂತರರಾಷ್ಟ್ರೀಯ ಲೀಗ್. ಸತತ ಏಳು ಸೋಲು. ಎಲ್ಲರೂ ಬೈದರು, ನಾನೂ ಬೇಜಾರಾಗಿ ಎರಡು ಪಂದ್ಯ ನೋಡಲೇ ಇಲ್ಲ. ಆಮೇಲೆ ಸ್ಕೋರುಗಳನ್ನ ಹೀಗೆ ಸಾಲಾಗಿ ಬರೆದು ನೋಡಿದೆ. ನೆದರ್ಲೆಂಡ್ಸ್ ಎದುರು 1–2, 2–3. ಅರ್ಜೆಂಟೀನಾ ಎದುರು 3–4, 1–2. ಆಸ್ಟ್ರೇಲಿಯಾ ಎದುರು 2–3, ಮತ್ತೆ 2–3. ಬೆಲ್ಜಿಯಂ ಎದುರು 3–6. ಏಳರಲ್ಲಿ ಆರು ಸೋಲು ಒಂದೇ ಒಂದು ಗೋಲಿನಿಂದ! ಮಾರನೇ ದಿನ ಅದೇ ಬೆಲ್ಜಿಯಂ ಎದುರು 4–3, ಗೆಲುವು ನಮ್ಮದು. ಒಂಬತ್ತು ತಂಡಗಳಲ್ಲಿ ಎಂಟನೇ ಸ್ಥಾನ ಅಂತ ಪಟ್ಟಿ ಹೇಳುತ್ತೆ. ನನಗೆ ಕಾಣೋದು ಆ ಒಂದು ಗೋಲು.

ಎರಡು ತಿಂಗಳಾದ ಮೇಲೆ ರಾಜ್‌ಗೀರ್‌ನಲ್ಲಿ ಏಷ್ಯಾ ಕಪ್. ಚೀನಾ ಎದುರು ಗುಂಪಿನ ಪಂದ್ಯದಲ್ಲಿ 4–3, ಏದುಸಿರು ಬಿಟ್ಕೊಂಡು ಗೆದ್ದಿದ್ದು. ಒಂದು ವಾರದ ನಂತರ ಅದೇ ಚೀನಾಗೆ 7–0. ಫೈನಲ್‌ನಲ್ಲಿ ದಕ್ಷಿಣ ಕೊರಿಯಾಗೆ 4–1, ಮೊದಲನೇ ನಿಮಿಷದಲ್ಲೇ ಸುಖ್‌ಜೀತ್ ಗೋಲು. ಕಪ್ಪೂ ಬಂತು, ವಿಶ್ವಕಪ್ ಟಿಕೆಟ್ಟೂ ಬಂತು. ಆದರೆ ಅಲ್ಲಿ ನೆದರ್ಲೆಂಡ್ಸ್ ಇರಲಿಲ್ಲ, ಬೆಲ್ಜಿಯಂ ಇರಲಿಲ್ಲ, ಆಸ್ಟ್ರೇಲಿಯಾ ಇರಲಿಲ್ಲ. ಅದನ್ನೇ ನೋಡಿ ಹಿಗ್ಗಬಾರದು. ನನಗೆ ಆ ಟೂರ್ನಿಯಲ್ಲಿ ಧೈರ್ಯ ಕೊಟ್ಟಿದ್ದು 7–0. ಮುನ್ನಡೆ ಸಿಕ್ಕಮೇಲೂ ಇಡೀ ತಂಡ ಒಟ್ಟಿಗೇ ಮುಂದಿತ್ತು, ಗೇಟಿನ ಹತ್ರ.

ಇನ್ನು ಶೂಟೌಟ್. ಎಂಟು ಸೆಕೆಂಡ್, 23 ಮೀಟರ್ ಗೆರೆಯಿಂದ ಒಬ್ಬ ಆಟಗಾರ, ಎದುರಿಗೆ ಗೋಲ್‌ಕೀಪರ್ ಒಬ್ಬರೇ. ಪ್ಯಾರಿಸ್ ಕಂಚಿನ ನಂತರ ಶ್ರೀಜೇಶ್ ನಿವೃತ್ತರಾದ್ರು. ಅವರ ಜಾಗ ತುಂಬೋದು ಕಷ್ಟ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ನಮ್ಮ ಕರ್ನಾಟಕದ ಆಶಿಶ್ ಬಲ್ಲಾಳ್ ಹೀಗೇ ಗೋಲಿನಲ್ಲಿ ನಿಂತು, ಕೊರಿಯಾದವರ ಪೆನಾಲ್ಟಿ ತಡೆದು, 32 ವರ್ಷದ ನಂತರ ಚಿನ್ನ ತಂದಿದ್ರು. ಅಂಥ ದಿನ ಬರುತ್ತೆ, ಆದರೆ ಅದನ್ನ ನಂಬ್ಕೊಂಡು ಟೂರ್ನಿಗೆ ಹೋಗೋಕಾಗಲ್ಲ. 60 ನಿಮಿಷದಲ್ಲೇ ಪಂದ್ಯ ಮುಗಿಸೋದನ್ನ ಕಲೀಬೇಕು.

ವಿಶ್ವಕಪ್ ನಾವು ಗೆದ್ದಿದ್ದು ಒಂದೇ ಸಲ, 1975ರಲ್ಲಿ. ಆಮೇಲೆ ಸೆಮಿಫೈನಲ್ ಕೂಡ ಆಡಿಲ್ಲ. ಅದಕ್ಕೂ ಎರಡು ವರ್ಷ ಹಿಂದೆ, 1973ರ ಫೈನಲ್. ನಾಯಕ ನಮ್ಮ ಕೊಡಗಿನ ಎಂ.ಪಿ. ಗಣೇಶ್. ಎದುರಾಳಿ ನೆದರ್ಲೆಂಡ್ಸ್. ನಾವು 2–0 ಮುಂದಿದ್ವಿ. ಅವರು 2–2 ಮಾಡಿದ್ರು. ಪೆನಾಲ್ಟಿ ಸ್ಟ್ರೋಕ್‌ನಲ್ಲಿ 4–2, ಕಪ್ ಅವರಿಗೆ ಹೋಯ್ತು. ಆ ಪಂದ್ಯ ನಡೆದ ಊರು ಆಮ್‌ಸ್ಟೆಲ್‌ವೀನ್. ಈ ಆಗಸ್ಟ್‌ನಲ್ಲಿ ವಿಶ್ವಕಪ್ ನಡೆಯೋದೂ ಅಲ್ಲೇ. ಇದನ್ನ ಮೊದಲ ಸಲ ಓದಿದಾಗ ನನಗೆ ಮೈ ಜುಮ್ ಅಂತು.

ನನ್ನ ಅಂದಾಜು ಕೇಳಿದ್ರೆ, ಗುಂಪು ದಾಟ್ತಾರೆ. ಸೆಮಿಫೈನಲ್ ಆಗುತ್ತೋ ಇಲ್ವೋ ಅನ್ನೋದು ಮೊದಲ ಪಂದ್ಯದ ಮೂರನೇ ಕ್ವಾರ್ಟರ್ ನೋಡಿದ್ರೇ ಅರ್ಧ ಗೊತ್ತಾಗುತ್ತೆ. ಗೋಲು ಹೊಡೆದಮೇಲೆ ಚೆಂಡನ್ನ ನೋಡ್ಬೇಡಿ, ನಮ್ಮ ಮುಂದಿನ ಸಾಲಿನವರನ್ನ ನೋಡಿ. ಅವರು ಹಿಂದಕ್ಕೆ ಓಡಿ ಬಂದು ಮಧ್ಯದ ಬಯಲು ತುಂಬ್ತಾ ಇದ್ದಾರಾ, ಇಲ್ಲ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ದಾರಾ?

ರೂಮ್‌ಮೇಟ್ ಈಗ ಊರಲ್ಲೇ ಕಾಫಿ ತೋಟ ನೋಡ್ಕೊಂಡಿದ್ದಾನೆ. ಆಗಸ್ಟ್‌ಗೆ ಬಾ ಅಂತ ಮೊನ್ನೆ ಫೋನ್ ಮಾಡಿದ್ದೆ. "ಬರ್ತೀನಿ ಮಗಾ, ಆದರೆ ಪಂದ್ಯ ಮುಗಿಯೋ ತನಕ ಚುರುಮುರಿ ಬೇಡ" ಅಂದ.

[ದೃಶ್ಯ: ನೆಲದ ಮೇಲೆ ಡಿ. ದೂರದಲ್ಲಿದ್ದ ಆರು ಕಡಲೆಬೀಜಗಳನ್ನು ಒಂದೊಂದಾಗಿ ಮಧ್ಯಕ್ಕೆ ತಂದಿಡುವ ಕೈ.]