ಡಿಸ್ಕಿನ ದರ್ಜೆ ನೋವಿನ ಅಳತೆಯಲ್ಲ

ತುಮಕೂರು ಜಿಲ್ಲೆಯ ಕೇಳುಗರಿಗೆ ನಮಸ್ಕಾರ.

ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಗ್ರೇಡ್ 4’ ಅಂತ ಕಂಡ ಕೂಡಲೇ ತೋಟದ ಕೆಲಸ ಬಿಟ್ಟು ಮಂಚ ಹಿಡಿಯುವವರಿದ್ದಾರೆ. ದಯವಿಟ್ಟು ಕೇಳಿ. ಡಿಸ್ಕ್ ಎಂದರೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ, ಗ್ರೇಡ್ ಎಂದರೆ ಅದರ ಸವೆತದ ದರ್ಜೆ. ಆ ಅಂಕಿ ಕಣ್ಣಿಗೆ ಕಂಡದ್ದರ ಲೆಕ್ಕ, ನೋವಿನ ಲೆಕ್ಕವಲ್ಲ.

ತಿಪಟೂರಿನವರಿಗೆ ಇದು ಬೇಗ ತಿಳಿಯುತ್ತದೆ. ಅಟ್ಟಕ್ಕೆ ಹಾಕಿದ ಬಲಿತ ಕಾಯಿಯಲ್ಲಿ ಮೊದಮೊದಲು ನೀರು ತುಳುಕುತ್ತದೆ. ತಿಂಗಳುಗಳು ಕಳೆದಂತೆ ನೀರು ಇಂಗುತ್ತದೆ, ತಿರುಳು ಗಟ್ಟಿಯಾಗಿ ಕರಟ ಬಿಡುತ್ತದೆ. ಕೊನೆಗೆ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಉಂಡೆ ಲೊಡಲೊಡ ಎನ್ನುತ್ತದೆ. ಸಿಪ್ಪೆ ಮಾತ್ರ ಅದೇ ಸಿಪ್ಪೆ, ಒಡೆದಾಗಲೇ ಒಳಗಿನದು ಕಾಣುವುದು. ಡಿಸ್ಕಿನಲ್ಲೂ ಮೊದಲು ಕಡಿಮೆಯಾಗುವುದು ನೀರೇ. ಎಳೆ ವಯಸ್ಸಿನಲ್ಲಿ ಅದರ ನಡುತಿರುಳಿನ ಶೇ 80ಕ್ಕೂ ಹೆಚ್ಚು ಭಾಗ ನೀರು. ತಿರುಳಿಗೆ ರಕ್ತನಾಳವಿಲ್ಲ. ಮೇಲೆ ಕೆಳಗೆ ಇರುವ ಮೆಲುಮೂಳೆಯ ತಟ್ಟೆಯಿಂದ ಜಿನುಗಿ ಬಂದದ್ದೇ ಅದಕ್ಕೆ ಆಹಾರ.

1990ರಲ್ಲಿ ಥಾಂಪ್ಸನ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಡಿಸ್ಕಿನ ಸವೆತಕ್ಕೆ ಐದು ದರ್ಜೆ ಗೊತ್ತುಮಾಡಿದರು. ಮೃತದೇಹದ ಸೊಂಟದ ಬೆನ್ನೆಲುಬನ್ನು ಮುಂದಿನಿಂದ ಹಿಂದಕ್ಕೆ ನಟ್ಟನಡುವೆ ಸೀಳಿ ನಾಲ್ಕು ಜಾಗ ನೋಡಬೇಕು: ತಿರುಳು, ಸುತ್ತಲ ನಾರಿನ ಉಂಗುರ, ಮೆಲುಮೂಳೆಯ ತಟ್ಟೆ, ಮಣಿಯ ಅಂಚು. ತಿರುಳೊಂದನ್ನೇ ನೋಡಿ ದರ್ಜೆ ಕೊಟ್ಟರೆ ತಪ್ಪುತ್ತದೆ.

ಒಂದನೇ ದರ್ಜೆಯಲ್ಲಿ ಕೊಯ್ದ ಕಡೆ ತಿರುಳು ಲೋಳೆಯಂತೆ ಉಬ್ಬಿ ನಿಲ್ಲುತ್ತದೆ, ನಾರಿನ ಪದರಗಳು ಎಣಿಸುವಂತಿರುತ್ತವೆ, ಮಣಿಯ ಅಂಚು ದುಂಡಗಿರುತ್ತದೆ. ಎರಡರಲ್ಲಿ ತಿರುಳಿನ ಅಂಚಿಗೆ ಬಿಳಿ ನಾರು ಬರುತ್ತದೆ, ಮಣಿಯ ಅಂಚು ಚೂಪಾಗುತ್ತದೆ. ಮೂರರಲ್ಲಿ ತಿರುಳೆಲ್ಲ ನಾರಾಗಿ, ಉಂಗುರ ಎಲ್ಲಿ ಶುರು ಅಂತಲೇ ತಿಳಿಯುವುದಿಲ್ಲ. ನಾಲ್ಕರಲ್ಲಿ ತಟ್ಟೆಗೆ ಸಮಾನಾಂತರವಾಗಿ ಅಡ್ಡ ಬಿರುಕು, ಅಂಚಿನಲ್ಲಿ 2 ಮಿ.ಮೀ.ಗಿಂತ ಚಿಕ್ಕ ಮೂಳೆಮುಳ್ಳು. ಐದರಲ್ಲಿ ಬಿರುಕು ಉಂಗುರವನ್ನೂ ದಾಟಿರುತ್ತದೆ, ಮುಳ್ಳು 2 ಮಿ.ಮೀ. ಮೀರಿರುತ್ತದೆ.

ಬದುಕಿರುವವರ ಬೆನ್ನು ಸೀಳಲಾಗದು. ಅದಕ್ಕೆ 2001ರಿಂದ ಫಿರ್‌ಮಾನ್ ಎಂಬ ವೈದ್ಯರ ಹೆಸರಿನ ದರ್ಜೆಗಳು ಬಳಕೆಯಲ್ಲಿವೆ. ಎಂಆರ್‌ಐನ ಟಿ2 ಎಂಬ, ನೀರು ಬೆಳ್ಳಗೆ ಕಾಣುವ ಚಿತ್ರದಲ್ಲಿ ನೀರು ತುಂಬಿದ ಡಿಸ್ಕ್ ಬೆಳ್ಳಗೆ, ಇಂಗಿದ್ದು ಬೂದು, ತೀರಾ ಕುಸಿದದ್ದು ಕಪ್ಪು. ನಿಮ್ಮ ವರದಿಯ ಗ್ರೇಡ್ ಸಾಮಾನ್ಯವಾಗಿ ಇದೇ.

ಮತ್ತೆ ಹೇಳುತ್ತೇನೆ, ಕಪ್ಪು ಎಂದರೆ ನೋವು ಎಂದಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಕುರಿತ 2015ರ ಪರಿಶೀಲನೆಯಲ್ಲಿ, 20 ವರ್ಷದವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್ ಸವೆತವಿತ್ತು. 80 ವರ್ಷದವರಲ್ಲಿ ಶೇ 96. ಇವರಾರಿಗೂ ನೋವಿರಲಿಲ್ಲ!

ಆದರೆ ಕಾಲಿನ ಬಲ ಕುಂದುತ್ತಿದ್ದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಗ್ರೇಡ್ ಎರಡೇ ಇರಲಿ, ಅಂದೇ ಆಸ್ಪತ್ರೆಗೆ ಹೋಗಿ.