ಊರಿಗೆ ಕಾಮಾಲೆ ಎಂದು ಹೇಳಿದ ವರ್ಷ

ನಮಸ್ಕಾರ. ನೀವು ಈಗ ಚಾ ಕುಡಿಯುತ್ತಾ ಇರಬಹುದು, ಇಲ್ಲ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾ ಇರಬಹುದು. ನಮ್ಮ ಮನೆಯಲ್ಲಿ ರೇಡಿಯೋ ಹಾಕುವುದೇ ಅಡಿಕೆ ಸುಲಿಯಲು ಕೂತಾಗ. ಹಾಗಾಗಿ ಕೈ ನಿಲ್ಲಿಸಬೇಡಿ, ಸುಮ್ನೆ ಕೇಳುತ್ತಾ ಇರಿ.

ನಾನು ಕಾಸರಗೋಡಿನ ಪೆರ್ಲ ಕಡೆಯವಳು. ಈಗ ಹೌಸ್ ಸರ್ಜನ್. ಅಂದರೆ ಎಂಬಿಬಿಎಸ್ ಪರೀಕ್ಷೆಗಳೆಲ್ಲ ಮುಗಿಸಿ ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿಯುತ್ತಾ ಇರುವವಳು. ನನ್ನ ಜೊತೆ ಕಾಲೇಜು ಸೇರಿದವರಿಗೆ ಈ ಕೆಲಸ ಆಗಲೇ ಮುಗಿದಿದೆ. ನಡುವೆ ನಾನು ಒಂದು ವರ್ಷ ರಜೆ ಹಾಕಿದ್ದೆ. ಇವತ್ತು ಆ ರಜೆಯ ವಿಷಯ.

ಮೊದಲು ಫ್ಲೆಕ್ಸಿನ ಕಥೆ ಹೇಳಬೇಕು. ಸೀಟು ಸಿಕ್ಕಿದ ವಾರವೇ ಕ್ಲಬ್ಬಿನವರು ಪೇಟೆಯಲ್ಲಿ ನನ್ನ ಫ್ಲೆಕ್ಸ್ ಕಟ್ಟಿದರು. ಯಾವುದೋ ಹಾಲ್ ಟಿಕೆಟ್ಟಿನ ಫೋಟೋ, ಎರಡು ಜಡೆ, ಹೆದರಿದ ಮುಖ, ಅದನ್ನೇ ಆರಡಿ ಎತ್ತರಕ್ಕೆ ದೊಡ್ಡದು ಮಾಡಿಸಿದ್ದರು. ಅವತ್ತಿನಿಂದ ಹಾಲಿನ ಸೊಸೈಟಿಯಲ್ಲಿ ನನ್ನನ್ನು 'ಡಾಕ್ಟ್ರೇ' ಎಂದು ಕರೆಯಲು ಶುರು. ಇನ್ನೂ ಒಂದು ಮೂಳೆಯ ಹೆಸರೂ ಗೊತ್ತಿರಲಿಲ್ಲ ನನಗೆ.

ಹಾಗೆ ಆಸೆಪಟ್ಟವರನ್ನು ನಾನು ದೂರುವುದಿಲ್ಲ. ಸ್ವಲ್ಪ ಜೋರು ಕಾಯಿಲೆ ಬಂದರೆ ಮಂಗಳೂರಿಗೆ ಓಡುವ ಜಿಲ್ಲೆ ನಮ್ಮದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಹೊತ್ತಿಗೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದರಲ್ಲ, ಆಗ ಆಂಬುಲೆನ್ಸುಗಳು ಅಲ್ಲಿಂದ ಹಿಂದೆ ಬಂದವು, ಮಂಗಳೂರು ಮುಟ್ಟಲಾಗದೆ ಜನ ಸತ್ತರು. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು, ಆದರೆ ಆ ಹೊತ್ತಿಗೂ ಅದು ಪೂರ್ತಿ ಆಗಿರಲಿಲ್ಲ. ಅಂಥ ಊರಿನಲ್ಲಿ ಒಬ್ಬಳಿಗೆ ಸೀಟು ಸಿಕ್ಕಿದರೆ ಅದು ಇಡೀ ಊರಿಗೇ ಸಿಕ್ಕಿದ ಹಾಗೆ. ಆದರೆ ಹೊರುವವಳು ಒಬ್ಬಳೇ.

ಕಾಲೇಜು ಇದ್ದದ್ದು ಕೇರಳದ ದಕ್ಷಿಣದ ಕಡೆ. ಹೆಸರು ಬೇಡ. ನಾನು ಹತ್ತನೆಯವರೆಗೆ ಕನ್ನಡ ಮೀಡಿಯಂ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಹಾಗೆ ನಮ್ಮೂರಿನ ಎಲ್ಲ ಮಕ್ಕಳ ಹಾಗೆ ಮೂರು ಭಾಷೆ ಬರುತ್ತದೆ ಎಂದು ಜಂಬ ಬೇರೆ. ಮೊದಲ ವರ್ಷ ಏನೂ ತೊಂದರೆ ಆಗಲಿಲ್ಲ, ಅನಾಟಮಿ ಹಾಲ್‌ನಲ್ಲಿ, ಅಂದರೆ ಹೆಣ ಕೊಯ್ದು ಕಲಿಯುವ ಕೋಣೆಯಲ್ಲಿ, ಇರುವವರು ಮಾತಾಡುವುದಿಲ್ಲ ನೋಡಿ. ಎರಡನೇ ವರ್ಷ ವಾರ್ಡಿಗೆ ಹೋದಾಗ ಗೊತ್ತಾಯಿತು. ಒಬ್ಬ ಅಜ್ಜಿ ಹೊಟ್ಟೆ ಮುಟ್ಟಿಕೊಂಡು 'ಎರಿಚ್ಚಿಲ್' ಅಂದರು, ಆಮೇಲೆ 'ಪುಗಚ್ಚಿಲ್' ಅಂದರು, ಸ್ವಲ್ಪ ಹೊತ್ತು ಬಿಟ್ಟು 'ಕಡಚ್ಚಿಲ್' ಅಂದರು. ನಾನು ಮೂರಕ್ಕೂ ನೋವು ಎಂದೇ ಬರೆದೆ. ಹೊಟ್ಟೆ ಉರಿಯುವುದಕ್ಕೂ ಕಡಿಯುವುದಕ್ಕೂ ವ್ಯತ್ಯಾಸ ಇಲ್ವಾ? ಇದೆ, ಕಾಯಿಲೆಯೇ ಬೇರೆ ಆಗಬಹುದು. ನನ್ನ ಕಾಸರಗೋಡಿನ ಮಲಯಾಳ ಕೇಳಿ ಅಜ್ಜಿ ನಕ್ಕರು, ಜೊತೆಗಿದ್ದವರೂ ನಕ್ಕರು. ಕೆಟ್ಟ ನಗು ಅಲ್ಲ ಅದು. ಆದರೂ ಮಾರನೇ ದಿನ ವಾರ್ಡಿಗೆ ಹೋಗುವಾಗ ಕಾಲು ಭಾರ.

ಅದೊಂದೇ ಕಾರಣ ಎಂದು ಹೇಳಿದರೆ ಸುಳ್ಳಾಗುತ್ತದೆ. ನಿದ್ದೆ ಹೋಯಿತು. ಊಟ ಸೇರಲಿಲ್ಲ. ಪುಸ್ತಕ ತೆರೆದರೆ ಒಂದೇ ಪ್ಯಾರಾ ಹತ್ತು ಸಲ ಓದುತ್ತಿದ್ದೆ. ಒಂದು ಬೆಳಿಗ್ಗೆ ಬಿಳಿ ಕೋಟು ಹಾಕಿ, ಬಾಗಿಲವರೆಗೆ ಹೋಗಿ, ಹಿಂದೆ ಬಂದು ಕೋಟಿನಲ್ಲೇ ಮಲಗಿದೆ. ಮರುದಿನವೂ ಹಾಗೇ. ಮೂರು ತಿಂಗಳು. ಮನೆಗೆ ಫೋನ್ ಮಾಡಿದಾಗ 'ಈಗ ತಾನೇ ಕ್ಲಾಸ್ ಮುಗಿಯಿತು' ಎನ್ನುತ್ತಿದ್ದೆ.

ಈ ಮೂರು ತಿಂಗಳು ನಾನು ಮಾಡಿದ ದೊಡ್ಡ ತಪ್ಪು. ಹುಷಾರಿಲ್ಲದ್ದು ತಪ್ಪಲ್ಲ, ಯಾರಿಗೂ ಹೇಳದೆ ಇದ್ದದ್ದು ತಪ್ಪು. ಎಂಬಿಬಿಎಸ್‌ನಲ್ಲಿ ಪರೀಕ್ಷೆಗೆ ಕೂರಬೇಕಾದರೆ ಥಿಯರಿಗೆ 75 ಪರ್ಸೆಂಟ್, ಪ್ರಾಕ್ಟಿಕಲ್ಸಿಗೆ 80 ಪರ್ಸೆಂಟ್ ಹಾಜರಿ ಬೇಕು. ಪೆಥಾಲಜಿಯಲ್ಲಿ ನನ್ನದು 41. ಆ ವಿಭಾಗದ ಮೇಡಂ ಒಬ್ಬರು ಕರೆಸಿದರು. ಬೈಗುಳಕ್ಕೆ ತಯಾರಾಗಿ ಹೋದೆ. ಅವರು ಹಾಜರಿ ಪುಸ್ತಕ ನನ್ನ ಕಡೆ ತಿರುಗಿಸಿ ಇಷ್ಟೇ ಹೇಳಿದರು: 'ಇದರಲ್ಲಿ ನೀನು ಗೈರುಹಾಜರಿ. ಅದನ್ನು ರಜೆ ಮಾಡಿಕೋ.'

ಗೈರುಹಾಜರಿ, ರಜೆ. ಎರಡರಲ್ಲೂ ನೀವು ಕ್ಲಾಸಿನಲ್ಲಿ ಇರುವುದಿಲ್ಲ. ಆದರೆ ಒಂದಕ್ಕೆ ಕಾಗದ ಇದೆ, ಇನ್ನೊಂದಕ್ಕೆ ಇಲ್ಲ. ಕಾಗದ ಇಲ್ಲದಿದ್ದರೆ ಮನೆಗೆ ನೋಟಿಸು ಬರುತ್ತದೆ, ಮುಂದೆ ಹೆಸರೇ ತೆಗೆದುಹಾಕುವ ಮಾತು ಬರುತ್ತದೆ. ಕಾಗದ ಇದ್ದರೆ ನಿಮ್ಮ ಸೀಟು ನಿಮ್ಮದೇ, ವಾಪಸು ಬರುವ ದಿನವೂ ಅದರಲ್ಲೇ ಇರುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. ಮೆಡಿಕಲ್ ಬಿಡುವುದು ಅಥವಾ ಹಲ್ಲು ಕಚ್ಚಿ ಮುಂದುವರಿಸುವುದು, ಈ ಎರಡೇ ದಾರಿ ಎಂದು ತಿಳಿದಿದ್ದೆ.

ಅರ್ಜಿ ಪ್ರಿನ್ಸಿಪಾಲರ ಹೆಸರಿಗೆ. ಅಪ್ಪನ ಅಥವಾ ಅಮ್ಮನ ಸಹಿ, ಡಾಕ್ಟರ ಸರ್ಟಿಫಿಕೇಟ್. ನನ್ನದು ಉದ್ದದ ರಜೆಯಾದ್ದರಿಂದ ಪ್ರಿನ್ಸಿಪಾಲರ ಸಹಿಗೆ ಮುಗಿಯಲಿಲ್ಲ, ಯೂನಿವರ್ಸಿಟಿಯವರೆಗೆ ಹೋಯಿತು. ಅಲ್ಲಿಂದ ಉತ್ತರ ಬರೆಯಿಸಿಕೊಳ್ಳಿ, ಬಾಯಿಮಾತು ನಂಬಬೇಡಿ. ಆಫೀಸಿನಲ್ಲಿ ಒಬ್ಬರು 'ಆಯ್ತು ಹೋಗು, ನಾವು ನೋಡಿಕೊಳ್ತೇವೆ' ಎಂದಿದ್ದರು. ಎರಡು ತಿಂಗಳ ನಂತರ ವಿಚಾರಿಸಿದರೆ ನನ್ನ ಅರ್ಜಿ ಬೇರೆ ಯಾವುದೋ ಫೈಲಿನ ಒಳಗೆ ನಿದ್ದೆ ಮಾಡುತ್ತಿತ್ತು. ಹಾಸ್ಟೆಲ್ ರೂಮು ಖಾಲಿ ಮಾಡಬೇಕು. ಲೈಬ್ರರಿ ಪುಸ್ತಕ ಕೊಟ್ಟು ಬಾಕಿ ಇಲ್ಲ ಎಂದು ಬರೆಸಬೇಕು. ಶಿಕ್ಷಣ ಸಾಲ ಇದ್ದರೆ ಬ್ಯಾಂಕಿಗೆ ಮೊದಲೇ ಹೋಗಿ ಹೇಳಿ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಕಂತು ಶುರುವಾಗುವುದು, ಕೋರ್ಸೇ ಉದ್ದವಾಯಿತು ಎಂದು ಅವರಿಗೆ ಗೊತ್ತಿಲ್ಲದಿದ್ದರೆ ನೀವು ಇನ್ನೂ ಓದುತ್ತಿರುವಾಗಲೇ ಕಂತಿನ ನೋಟಿಸು ಮನೆ ಬಾಗಿಲಿಗೆ ಬರುತ್ತದೆ. ನಮ್ಮಪ್ಪ ಬ್ಯಾಂಕಿಗೆ ಹೋಗಲು ನಾಚಿಕೊಂಡು ಮೂರು ವಾರ ತಳ್ಳಿದರು. ಕೊನೆಗೆ ಹೋದಾಗ ಮ್ಯಾನೇಜರು ಐದು ನಿಮಿಷದಲ್ಲಿ ಮುಗಿಸಿ ಕಳಿಸಿದರು.

ಇನ್ನೊಂದು ಲೆಕ್ಕ. ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷ ಹೌಸ್ ಸರ್ಜನ್ಸಿ. 2023ರ ನಿಯಮದ ಪ್ರಕಾರ ಸೇರಿದ ದಿನದಿಂದ 9 ವರ್ಷದ ಒಳಗೆ ಕೋರ್ಸ್ ಮುಗಿಯಬೇಕು, ಮೊದಲ ವರ್ಷದ ಪರೀಕ್ಷೆಗೆ 4 ಅವಕಾಶ ಮಾತ್ರ. ರಜೆಯ ವರ್ಷವೂ ಆ 9ರಲ್ಲೇ ಸೇರುತ್ತದೆ. ಆದರೂ ನೋಡಿ, ಒಂದು ವರ್ಷ ಹೋದರೆ ಆಕಾಶ ಬೀಳುವುದಿಲ್ಲ, ಜಾಗ ಇದೆ. ಹಾಸ್ಟೆಲಿನಲ್ಲಿ ಮಲಗಿದ್ದಾಗ ಈ ಲೆಕ್ಕ ಯಾರಾದರೂ ಹೇಳಿದ್ದರೆ ಒಂದು ರಾತ್ರಿಯಾದರೂ ನಿದ್ದೆ ಬರುತ್ತಿತ್ತೋ ಏನೋ.

ಸರ್ಟಿಫಿಕೇಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಲೇಜಿನ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಮುಂದೆ ನನಗೆ ಪಾಠ ಮಾಡಬೇಕಾದವರು, ವೈವಾದಲ್ಲಿ ಎದುರು ಕೂರಬೇಕಾದವರು ಅವರೇ. ಚೀಟಿ ಬರೆಯುವ ಕೌಂಟರಿನಲ್ಲಿ ಕೂತವರೂ ಪರಿಚಯದವರು. ಹಾಗಾಗಿ ಬೇರೆ ಕಡೆ ತೋರಿಸಿದೆ. ಡಾಕ್ಟರು ಖಿನ್ನತೆ ಎಂದರು, ಮಾತ್ರೆ ಬರೆದರು.

ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಕಾಸರಗೋಡಿನಲ್ಲಿ ಇಳಿದಾಗ ಅಪ್ಪ, ಮಾವ ಇಬ್ಬರೂ ಸ್ಟೇಷನ್ನಿನಲ್ಲಿದ್ದರು. ಅಪ್ಪ ಏನೂ ಕೇಳಲಿಲ್ಲ, ಬ್ಯಾಗು ತೆಗೆದುಕೊಂಡರು. ಮಾವ ಜೀಪಿನಲ್ಲಿ ಬಾಯಿ ತೆರೆದರು.

'ಸರ್ಟಿಫಿಕೇಟಿನಲ್ಲಿ ಟೈಫಾಯಿಡ್ ಅಂತ ಬರೆಸುವಾ ಮಗಳೇ. ಇದೆಲ್ಲ ಬರೆಸಿದ್ರೆ ನಾಳೆ ಮದುವೆಗೆ ಕೇಳ್ತಾರೆ.'

'ಮಾವ, ಟೈಫಾಯಿಡಿಗೆ ಒಂದು ವರ್ಷ ರಜೆ ಯಾರು ಕೊಡ್ತಾರೆ?'

'ಹಾಗಾದ್ರೆ ಎರಡು ಸಲ ಬಂತು ಅಂತ ಬರೆಸುವಾ.'

ಅಪ್ಪನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ನನಗೂ ಬಂತು. ಕಾಲೇಜಿಗೆ ನಿಜವೇ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು, ಏಕೆಂದರೆ ವಾಪಸು ಸೇರುವಾಗ ಈಗ ಗುಣವಾಗಿದೆ ಎಂಬ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳುತ್ತಾರೆ. ಇಲ್ಲದ ಟೈಫಾಯಿಡ್ ಗುಣವಾಗಿದೆ ಎಂದು ಯಾವ ಡಾಕ್ಟರು ಬರೆದುಕೊಡುತ್ತಾರೆ?

ಆದರೆ ಊರಿಗೆ? ಊರಿಗೆ ಮಾತ್ರ ಅಮ್ಮ ಕಾಮಾಲೆ ಎಂದು ಹೇಳಿಬಿಟ್ಟರು. ಯಾರೋ ಕೇಳಿದರು, ಬಾಯಿಗೆ ಬಂತು, ಹೇಳಿದರು.

ಕಾಮಾಲೆ ಎಂದರೆ ನಮ್ಮಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತಲ್ವಾ? ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಆಚೆಮನೆ ಅಕ್ಕ ಬಾಗಿಲಲ್ಲಿ. ಕೈಯಲ್ಲಿ ಸ್ಟೀಲ್ ಲೋಟ. ನೆಲನೆಲ್ಲಿಯನ್ನು ಬೇರು ಸಮೇತ ಅರೆದು ಹಾಲಿನಲ್ಲಿ ಕದಡಿದ್ದು, ಹಸಿರು, ಮೇಲೆ ನೊರೆ. ಕುಡಿದು ಮುಗಿಯುವವರೆಗೆ ಅವರು ನಿಂತೇ ಇರುತ್ತಿದ್ದರು. ಲೋಟ ಬಗ್ಗಿಸಿ ತಳ ನೋಡಿ ಹೋಗುತ್ತಿದ್ದರು. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಹಪ್ಪಳ ಇಲ್ಲ. ಅವರು ಹೊತ್ತಲ್ಲದ ಹೊತ್ತಿಗೆ ಬಂದು ಅಡುಗೆಮನೆ ಇಣುಕುತ್ತಾರೆ ಎಂದು ಅಮ್ಮನೂ ಸಾರಿಗೆ ಒಗ್ಗರಣೆ ಹಾಕುವುದು ಬಿಟ್ಟರು. ಮನೆಮಂದಿಗೆಲ್ಲ ಪಥ್ಯ. ನನಗೆ ಊಟ ಸೇರದೆ ಇರುವುದೇ ಕಾಯಿಲೆ, ಅದರ ಮೇಲೆ ಒಗ್ಗರಣೆ ಇಲ್ಲದ ಸಾರು! ಇಪ್ಪತ್ತೊಂದು ದಿನ ಹೀಗೆ ನಡೆಯಿತು.

ಕಾಮಾಲೆ ಗುಣವಾಗಬೇಕಾದ ಹೊತ್ತಿಗೆ ಗುಣವಾಗಲೇಬೇಕಲ್ಲ. ಒಂದು ತಿಂಗಳಾದ ಮೇಲೆ ಶುರುವಾಯಿತು, 'ಇನ್ನೂ ಹೋಗ್ಲಿಲ್ವಾ ಡಾಕ್ಟ್ರೇ?' ಮದುವೆಮನೆಯಲ್ಲಿ, ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ. ಸುಳ್ಳಿಗೆ ಎರಡನೇ ಸುಳ್ಳು, ಮೂರನೇ ಸುಳ್ಳು. ಕೊನೆಗೆ ನಾನು ಮನೆಯಿಂದ ಹೊರಗೆ ಹೋಗುವುದೇ ಬಿಟ್ಟೆ. ಡಾಕ್ಟರು ದಿನಾ ನಡೆಯಲು ಹೇಳಿದ್ದರು. ನಡೆದರೆ ಜನ ಸಿಗುತ್ತಾರೆ, ಸಿಕ್ಕರೆ ಕೇಳುತ್ತಾರೆ. ಹಾಗೆ ಕಾಮಾಲೆ ನನ್ನ ನಿಜವಾದ ಕಾಯಿಲೆಗೆ ಅಡ್ಡ ನಿಂತಿತು.

ನಡೆದದ್ದು ತೋಟದಲ್ಲಿ ಮಾತ್ರ. ಆಟಿ ಎಂದರೆ ಜೋರು ಮಳೆಯ ತಿಂಗಳು, ಎರಡು ಮಳೆಯ ನಡುವೆ ಬಿಸಿಲು ಕಂಡರೆ ಕೊಳೆರೋಗ ಬಾರದ ಹಾಗೆ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಮದ್ದು ಕದಡುವ ಕೆಲಸ ಅಪ್ಪ ನನಗೆ ಕೊಟ್ಟರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಬೇರೆ ಬೇರೆ ಕರಗಿಸಿ ಕೂಡಿಸಿ ನೂರು ಲೀಟರ್ ಮಾಡುವುದು. ಕೂಡಿಸಿದಾಗ ಬರುವ ಆ ನೀಲಿಯನ್ನು ನೋಡುತ್ತಾ ನಿಲ್ಲಬೇಕು ಅನಿಸುತ್ತದೆ. ಹದ ಸರಿ ಇದೆಯಾ ಎಂದು ನೋಡಲು ಚೂರಿಯ ಅಲಗನ್ನು ಅದರಲ್ಲಿ ಅದ್ದಬೇಕು. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು. ನಾನು ಅದ್ದಿ, ನೋಡಿ, ಇನ್ನೊಂದು ಮುಷ್ಟಿ ಸುಣ್ಣ ಹಾಕಿಸಿ, ಮತ್ತೆ ಅದ್ದುತ್ತಿದ್ದೆ. ಮೇಲೆ ಮರದಲ್ಲಿದ್ದವರು 'ಆಯ್ತಾ ಡಾಕ್ಟ್ರೇ' ಎಂದು ಕೂಗಿದಾಗ ಅದೊಂದು ಸಲ ಮಾತ್ರ ಆ ಹೆಸರು ಭಾರ ಅನಿಸಲಿಲ್ಲ.

ತೋಟದ ಗಾಳಿಗೆ ಗುಣವಾಯಿತು ಎಂದು ಮಾತ್ರ ತಿಳಿಯಬೇಡಿ. ಗುಣವಾದದ್ದು ಮಾತ್ರೆಯಿಂದ, ಡಾಕ್ಟರ ಜೊತೆ ಮಾತಾಡಿದ್ದರಿಂದ. ಆ ಮಾತ್ರೆಗಳು ನುಂಗಿದ ಮರುದಿನ ಕೆಲಸ ಮಾಡುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಅದಕ್ಕಿಂತ ಜಾಸ್ತಿ. ಹುಷಾರಾಯಿತು ಎಂದು ಅನಿಸಿದ ಕೂಡಲೇ ಬಿಡಲೂ ಬಾರದು, ಇನ್ನೂ ಕೆಲವು ತಿಂಗಳು ತೆಗೆದುಕೊಳ್ಳಬೇಕು. ರಜೆ ಚಿಕ್ಕದಾದರೆ ಇದೆಲ್ಲ ಅದರಲ್ಲಿ ಹಿಡಿಯುವುದಿಲ್ಲ. ಹದಿನೈದು ದಿನ ಮನೆಗೆ ಬಂದು ಹೋದರೆ ಸರಿಯಾಗುತ್ತದೆ ಎನ್ನುವವರಿಗೆ ಈ ಮಾತು.

ನನ್ನಂಥವರು ಎಷ್ಟು ಮಂದಿ? ಮೆಡಿಕಲ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ಕಾರ್ಯಪಡೆ ಮಾಡಿತ್ತು, ಬೆಂಗಳೂರಿನ ನಿಮ್ಹಾನ್ಸಿನ ಡಾಕ್ಟರೊಬ್ಬರೇ ಅದರ ಅಧ್ಯಕ್ಷರು. 2024ರಲ್ಲಿ ಅದರ ವರದಿ ಬಂತು. ಉತ್ತರ ಕೊಟ್ಟ 25,590 ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ 27.8 ಪರ್ಸೆಂಟ್ ಮಂದಿ ತಮಗೆ ಮಾನಸಿಕ ತೊಂದರೆ ಇದೆ ಎಂದು ಹೇಳಿದ್ದಾರೆ. ಇದು ಉತ್ತರ ಕೊಟ್ಟವರ ಲೆಕ್ಕ, ಎಲ್ಲರದ್ದಲ್ಲ. ಆದರೂ ನನ್ನ ಹಾಸ್ಟೆಲಿನ ಸಾಲಿನಲ್ಲಿ ಹದಿನಾರು ರೂಮು ಇತ್ತು. ಬಾಗಿಲು ಹಾಕಿಕೊಂಡದ್ದು ನಾನೊಬ್ಬಳೇ ಎಂದು ತಿಳಿದಿದ್ದೆ.

ಕೇಳುವವರಲ್ಲಿ ಯಾರಿಗಾದರೂ ಬೇಕಾದರೆ ಒಂದು ನಂಬರು: 14416. ಟೆಲಿ ಮಾನಸ್ ಎಂದು, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರಿನಿಂದ ಇದೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಮತ್ತೊಮ್ಮೆ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು.

ವಾಪಸು ಹೋದದ್ದು ಜೂನಿಯರ್ ಬ್ಯಾಚಿಗೆ. ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು 'ಚೇಚಿ' ಎಂದು ಕರೆದರು, ಮಲಯಾಳದಲ್ಲಿ ಅಕ್ಕ. ಮೊದಲ ವಾರ ಕಿರಿಕಿರಿ ಆಯಿತು, ಆಮೇಲೆ ಹಾಯೆನಿಸಿತು. ಹಳೇ ರೂಮ್‌ಮೇಟ್ ನನಗಿಂತ ಒಂದು ವರ್ಷ ಮುಂದೆ, ಎದುರು ಸಿಕ್ಕಾಗ ಅವಳಿಗೇ ನನಗಿಂತ ಜಾಸ್ತಿ ಮುಜುಗರ. ವಾರ್ಡಿನಲ್ಲಿ ನಾನೊಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ಎರಿಚ್ಚಿಲ್ ಎಂದರೆ ಉರಿ, ಕಡಚ್ಚಿಲ್ ಎಂದರೆ ಕಡಿತ, ತರಿಪ್ಪು ಎಂದರೆ ಜುಮುಜುಮು. ಪುಗಚ್ಚಿಲಿಗೆ ಸರಿಯಾದ ಕನ್ನಡ ಇನ್ನೂ ಸಿಕ್ಕಿಲ್ಲ.

ಹೌಸ್ ಸರ್ಜನ್ಸಿಗೆ ಸೇರುವ ಮೊದಲು ಊರಿಗೆ ಬಂದಿದ್ದೆ. ನನ್ನ ಫ್ಲೆಕ್ಸ್ ನೋಡಿದೆ, ಕೊಟ್ಟಿಗೆಯ ಪಕ್ಕ ಕಟ್ಟಿಗೆ ರಾಶಿಗೆ ಹೊದಿಸಿದ್ದರು, ಒಂದು ಜಡೆ ಮಾತ್ರ ಕಾಣುತ್ತಿತ್ತು. ಅವತ್ತೇ ಆಚೆಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಕಾಮಾಲೆ ಅಲ್ಲ, ಹೀಗೆ ಹೀಗೆ ಆಗಿತ್ತು ಎಂದು. ಕಣ್ಣೀರು ಹಾಕಿ ತಬ್ಬಿಕೊಳ್ಳುತ್ತಾರೆ ಎಂದುಕೊಂಡಿದ್ದೆನೋ ಏನೋ. ಅವರಿಗೆ ಸಿಟ್ಟು ಬಂತು.

'ಇಪ್ಪತ್ತೊಂದು ದಿನ ಮಾರಾಯ್ತಿ! ಆ ಮಳೆಯಲ್ಲಿ ಗದ್ದೆ ಹುಣಿಯಲ್ಲೆಲ್ಲ ಬಗ್ಗಿ ಬಗ್ಗಿ ನೆಲನೆಲ್ಲಿ ಹುಡುಕಿದ್ದೇನೆ. ನನ್ನ ಸೊಂಟ ಹೋಯ್ತು. ಮೊದಲೇ ಹೇಳ್ಲಿಕ್ಕೆ ನಿಂಗೆ ಎಂತ ಆಗಿತ್ತು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ದಿನ ಅವರು ನಮ್ಮ ಮನೆಗೆ ಬರಲೇ ಇಲ್ಲ. ಬಿಸು ಹಬ್ಬದ ದಿನ ಮೊಮ್ಮಗನ ಕೈಯಲ್ಲಿ ಒಂದು ಡಬ್ಬಿ ಕಳಿಸಿದರು. ತೆಗೆದು ನೋಡಿದರೆ ಹಲಸಿನ ಹಪ್ಪಳ, ಕೊಬ್ಬರಿ ಎಣ್ಣೆಯಲ್ಲಿ ಕರಿದದ್ದು, ಇನ್ನೂ ಬಿಸಿಯಾಗಿತ್ತು.