ಅರ್ಕಾವತ್ತು ತಪ್ಪಿದ ಹುಡುಗ

ಕೇಳುಗರೆಲ್ಲರಿಗೂ ನಮಸ್ಕಾರ.

ಕೈಗೆ ಸಿಕ್ಕ ಒಂದು ಕಾಗದದ ಮೇಲೆ ‘ಸೂರ್ಯ’ ಅಂತ ಬರೆಯಿರಿ. ಬರೆದಿರಾ? ಈಗ ನಿಧಾನವಾಗಿ ಹೇಳಿ ನೋಡಿ. ನಾಲಿಗೆ ಮೊದಲು ರ್ ಅನ್ನುತ್ತದೆ, ಆಮೇಲೆ ಯ. ಕೈ ಮಾತ್ರ ಮೊದಲು ಯ ಬರೆದು, ಅದರ ಬಲಕ್ಕೆ ಅರ್ಕಾವತ್ತು ಹಾಕುತ್ತದೆ. ಕಿವಿಗೆ ಕೇಳುವ ಕ್ರಮ ಒಂದು, ಕಣ್ಣಿಗೆ ಕಾಣುವ ಕ್ರಮ ಇನ್ನೊಂದು. ನಮಗೆ ರೂಢಿಯಾಗಿಬಿಟ್ಟಿದೆ, ತೊಡಕು ಅನ್ನಿಸುವುದೇ ಇಲ್ಲ.

ಬಯಲುಸೀಮೆಯ ಒಂದು ಹಳ್ಳಿಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದಾಗ, ನಾಲ್ಕನೇ ತರಗತಿಯ ಹುಡುಗನೊಬ್ಬ ಉಕ್ತಲೇಖನದಲ್ಲಿ ‘ಸೂಯರ’, ‘ಕಾಯರ’ ಅಂತ ಬರೆಯುತ್ತಿದ್ದ. ದ, ಧ, ಥ ಮೂರೂ ಅವನಿಗೆ ಒಂದೇ. ಬೋರ್ಡಿನ ಮೇಲಿನ ಐದು ಸಾಲು ಇಳಿಸಿಕೊಳ್ಳುವಷ್ಟರಲ್ಲಿ ಬೆಲ್ ಹೊಡೆದಿರುತ್ತಿತ್ತು. ಅದೇ ಹುಡುಗನಿಗೆ, ಶೇಂಗಾ ಸೇರಿಗೆ 32 ರೂಪಾಯಿ ಆದರೆ ಎರಡೂವರೆ ಸೇರಿಗೆ ಎಷ್ಟೋ ಅಂದರೆ, ನಾನು ಮಾತು ಮುಗಿಸುವ ಮೊದಲೇ ‘ಎಂಬತ್ತು ಮಿಸ್’ ಅಂತಿದ್ದ. ಸಂತೆಯಲ್ಲಿ ಅಪ್ಪನ ಪಕ್ಕ ಕೂತು ಬೆಳೆದವನು.

ನಾನು ಏನು ಮಾಡಿದೆ? ಕೆಂಪು ಪೆನ್ನಲ್ಲಿ ಗೆರೆ ಎಳೆದು, ಹತ್ತು ಸಲ ಬರಿ ಅಂತ ಕೂರಿಸಿದೆ. ಹತ್ತು ಸಲವೂ ಹತ್ತು ಥರ ಬರೆದ. ಉಡಾಫೆ ಅಂದುಕೊಂಡು ಕಿವಿ ಹಿಂಡಿದ್ದೂ ಉಂಟು. ಇದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಲು ನನಗೆ ಮನಸ್ಸಿಲ್ಲ.

ಒಂದು ದಿನ ಬ್ಲಾಕಿನಿಂದ ವಿಶೇಷ ಶಿಕ್ಷಕರು ಬಂದರು. ಬಿಐಇಆರ್‌ಟಿ ಅನ್ನುತ್ತೇವಲ್ಲ, ಅವರು. ಬಂದದ್ದು ಇವನಿಗಾಗಿ ಅಲ್ಲ, ಕ್ಯಾಲಿಪರ್ ಹಾಕಿಕೊಂಡು ನಡೆಯುವ ಒಬ್ಬ ಹುಡುಗಿಗಾಗಿ. ಮೇಜಿನ ಮೇಲಿದ್ದ ಇವನ ಪುಸ್ತಕ ಸುಮ್ಮನೆ ತಿರುವಿದವರು, ‘ಮೇಡಂ, ಇವನು ತಪ್ಪು ಬರೆಯುತ್ತಿಲ್ಲ, ಕಣ್ಣಿಗೆ ಕಂಡ ಹಾಗೇ ಬರೆಯುತ್ತಿದ್ದಾನೆ’ ಅಂದರು. ನಾಲ್ಕು ತಿಂಗಳು ಅದೇ ಪುಸ್ತಕ ತಿದ್ದಿದ ನನಗೆ ಅದು ಕಂಡಿರಲಿಲ್ಲ.

ಇದಕ್ಕೆ ನಿರ್ದಿಷ್ಟ ಕಲಿಕಾ ನ್ಯೂನತೆ ಅನ್ನುತ್ತಾರೆ. ಬುದ್ಧಿ ಚುರುಕಾಗಿಯೇ ಇರುತ್ತದೆ. ಅಕ್ಷರವನ್ನು ಸದ್ದಿಗೆ, ಸದ್ದನ್ನು ಅಕ್ಷರಕ್ಕೆ ಜೋಡಿಸುವ ಕಡೆ ಮಾತ್ರ ತಡವರಿಕೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಇದ್ದದ್ದು ಏಳು ನ್ಯೂನತೆಗಳು, ಇದು ಅದರಲ್ಲಿ ಇರಲೇ ಇಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿದಾಗ ಒಳಗೆ ಬಂತು. ಮೂರನೇ ತರಗತಿ ಅಥವಾ ಎಂಟನೇ ವಯಸ್ಸು, ಯಾವುದು ಮೊದಲೋ ಆಗ, ಶಾಲೆಯ ಶಿಕ್ಷಕರೇ ಮಕ್ಕಳನ್ನು ಪ್ರಾಥಮಿಕವಾಗಿ ಪರಿಶೀಲಿಸಬೇಕು ಅಂತ 2018ರ ಮಾರ್ಗಸೂಚಿ ಹೇಳಿತು. ಅಂದರೆ ನನ್ನ ಹತ್ತಿರ ಬರುವ ಮೊದಲೇ ಅವನು ಯಾರದಾದರೂ ಕಣ್ಣಿಗೆ ಬೀಳಬೇಕಿತ್ತು.

ಆಮೇಲೆ ಮಾಡಿದ್ದೆಲ್ಲ ಚಿಲ್ಲರೆ ಕೆಲಸಗಳೇ. ಬೋರ್ಡು ನೋಡಿ ಬರೆಯುವುದನ್ನು ಅವನಿಗೆ ಬಿಡಿಸಿದೆ, ನಾನೇ ದೊಡ್ಡಕ್ಷರದಲ್ಲಿ ಬರೆದ ಹಾಳೆ ಕೊಟ್ಟೆ. ಒಂದು ತಟ್ಟೆಯಲ್ಲಿ ಮರಳು ಹರಡಿ, ಅದರಲ್ಲಿ ಬೆರಳಿನಿಂದ ತಿದ್ದಿಸಿದೆ. ದಿನಕ್ಕೊಂದೇ ಒತ್ತಕ್ಷರ. ಅರ್ಕಾವತ್ತಿಗೆ ಅವನೇ ಒಂದು ಉಪಾಯ ಹುಡುಕಿದ: ‘ಇದು ತಡವಾಗಿ ಬಂದು ಮುಂದಿನ ಬೆಂಚಲ್ಲಿ ಕೂರೋ ಹುಡುಗ ಮಿಸ್.’ ನನ್ನ ಇಷ್ಟು ವರ್ಷದ ವ್ಯಾಕರಣ ಪಾಠದಲ್ಲಿ ಇಂಥ ಮಾತು ಒಂದೂ ಇಲ್ಲ. ಪರಿಸರ ಅಧ್ಯಯನದ ಉತ್ತರಗಳನ್ನು ಬಾಯಲ್ಲಿ ಕೇಳಿದೆ. ಅರ್ಧ ವರ್ಷದಲ್ಲಿ ಓದು ಸಲೀಸೇನೂ ಆಗಲಿಲ್ಲ, ಆದರೆ ಸೋಮವಾರದ ಹೊಟ್ಟೆನೋವು ನಿಂತಿತು.

ಈ ನ್ಯೂನತೆ ಇದೆ ಅನ್ನುವ ಪ್ರಮಾಣಪತ್ರದ ಕಥೆ ಬೇರೆ. ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ ಮಾಡಿಸಬೇಕು, ಬುದ್ಧಿಮಟ್ಟ ನೋಡಿಸಬೇಕು. ಅವನ ತಾಯಿ ಕೂಲಿ ಬಿಟ್ಟು ಮೂರು ಸಲ ಬಸ್ಸು ಹತ್ತಿದರು. ಒಂದು ಸಲ ಪರೀಕ್ಷೆ ಮಾಡುವವರು ರಜೆ, ಇನ್ನೊಂದು ಸಲ ಫಾರಂ ಖಾಲಿ. ಪತ್ರ ಬೇಕೇ ಬೇಕಾ ಅಂದರೆ, ಮುಂದೆ ಪರೀಕ್ಷೆಗೆ ಬೇಕು. ಹೆಚ್ಚುವರಿ ಸಮಯ, ಬರೆದುಕೊಡಲು ಲಿಪಿಕಾರರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಕಾಯ್ದೆಯಲ್ಲೇ ಇವೆ. ಆದರೆ ಮರಳಿನ ತಟ್ಟೆಗೆ ಯಾವ ಪತ್ರವೂ ಬೇಡ. ಪತ್ರ ಬರಲಿ, ಆಮೇಲೆ ನೋಡೋಣ ಅನ್ನುವ ಶಾಲೆಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಶಿಕ್ಷಕರ ಕಡೆಯ ಮಾತನ್ನೂ ಆಡಬೇಕು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೊಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕು ಅಂತ, ಸುಪ್ರೀಂ ಕೋರ್ಟಿನ 2021ರ ಆದೇಶದ ಮೇರೆಗೆ, ಕೇಂದ್ರ ಸರ್ಕಾರ 2022ರಲ್ಲೇ ಹೇಳಿದೆ. ನಮ್ಮ ಶಾಲೆಗೆ ಬರುತ್ತಿದ್ದವರು ಬೈಕಿನಲ್ಲಿ ಊರೂರು ಸುತ್ತಬೇಕಿತ್ತು. ನಮ್ಮ ಪಾಲಿಗೆ ತಿಂಗಳಿಗೊಂದು ದಿನ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಆ ಮಗು ತರಗತಿಯ ಶಿಕ್ಷಕಿಯದೇ.

ಒಂದು ಸಂಜೆ ಅವನ ತಾಯಿ ಬಂದು, ‘ಇವನು ದಡ್ಡ ಅಲ್ಲ ಅಂತ ಅವರಪ್ಪಂಗೆ ನೀವೇ ಒಂದ್ಸಲ ಹೇಳಿ ಮೇಡಂ’ ಅಂದರು. ಮನೆಗೆ ಹೋದೆ. ಅಪ್ಪ ಜಗಲಿಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದರು. ಮಗನ ಪುಸ್ತಕ ತೋರಿಸಿ, ಅಕ್ಷರ ಅವನಿಗೆ ಹೇಗೆ ಅದಲುಬದಲಾಗುತ್ತದೆ ಅಂತ ವಿವರಿಸಿದೆ. ಅವರು ಕೈಕೆಲಸ ನಿಲ್ಲಿಸಿ ಆ ಪುಟವನ್ನೇ ಬಹಳ ಹೊತ್ತು ನೋಡಿದರು.

‘ನಾನೂ ನಾಕನೇ ಕ್ಲಾಸಿಗೇ ಬಿಟ್ಟಿದ್ದು ಮೇಡಂ’ ಅಂದರು. ‘ನಂಗೂ ಹಿಂಗೇ ಆಗ್ತಿತ್ತು.’

ನಮಸ್ಕಾರ.